ಮತ್ತೆ ಮತ್ತೆ ಬೀಳುವ ಎಂಸಿಬಿ

ಕಾಸರಗೋಡಿನ ಮಳೆಗಾಲದಲ್ಲಿ ಮನೆಯ ವಿದ್ಯುತ್ತು ಇದ್ದಕ್ಕಿದ್ದಂತೆ ಹೋಗಿ, ಫಲಕದಲ್ಲಿ ಒಂದು ಸ್ವಿಚ್ಚು ಕೆಳಗೆ ಬಿದ್ದಿರುವುದು ಅಪರೂಪವಲ್ಲ. ಅದನ್ನು ಮತ್ತೆ ಮೇಲೆತ್ತುವ ಮೊದಲು, ಬಿದ್ದದ್ದು ಯಾವುದು, ಯಾವಾಗ ಎಂಬುದನ್ನು ಗಮನಿಸಬೇಕು.

ಎಂಸಿಬಿ ಕೆಲಕಾಲ ನಿಂತು ಬಿದ್ದರೆ ಸಾಮಾನ್ಯವಾಗಿ ಹೊರೆ ಹೆಚ್ಚಾಗಿದೆ ಎಂದರ್ಥ. 230 ವೋಲ್ಟಿನಲ್ಲಿ 2000 ವಾಟಿನ ಗೀಸರು ಸುಮಾರು 9 ಆಂಪಿಯರ್ ಎಳೆಯುತ್ತದೆ. ಅದೇ ಮಾರ್ಗದಲ್ಲಿ 1500 ವಾಟಿನ ಕೆಟಲ್ ಸೇರಿದರೆ ಒಟ್ಟು 15 ಆಂಪಿಯರ್ ಮೀರುತ್ತದೆ. 10 ಆಂಪಿಯರಿನ ಎಂಸಿಬಿ ಇದನ್ನು ತಾಳದು. ಎತ್ತಿದ ಕ್ಷಣವೇ ಬಿದ್ದರೆ ಶಾರ್ಟ್ ಸರ್ಕ್ಯೂಟನ್ನು ಶಂಕಿಸಬೇಕು.

ರೂಢಿಯಲ್ಲಿ ಇಎಲ್‌ಸಿಬಿ ಎನ್ನಲಾಗುವ ಆರ್‌ಸಿಸಿಬಿಯ ಕೆಲಸ ಬೇರೆ. ಹೋದಷ್ಟೇ ವಿದ್ಯುತ್ತು ಮರಳಿತೇ ಎಂದು ಅದು ನೋಡುತ್ತದೆ. ಮನೆಗಳಲ್ಲಿ ಬಳಸುವ ಬಗೆಯದಕ್ಕೆ 30 ಮಿಲಿಆಂಪಿಯರ್ ಸೋರಿಕೆ ಸಾಕು. ನೀರಿಳಿದ ಅಂಗಳದ ದೀಪ, ಬಾವಿಯ ಪಂಪು, ಹಳೆಯ ಗೀಸರು ಇವೇ ಹೆಚ್ಚಾಗಿ ಕಾರಣ.

ಪತ್ತೆಯ ಕ್ರಮ ಸರಳ. ಒಣಗಿದ ಕೈಯಿಂದ ಎಲ್ಲ ಎಂಸಿಬಿಗಳನ್ನು ಇಳಿಸಿ, ಉಪಕರಣಗಳ ಪ್ಲಗ್ಗು ಕೀಳಬೇಕು. ಬಳಿಕ ಮುಖ್ಯ ಸ್ವಿಚ್ಚನ್ನೂ ಎಂಸಿಬಿಗಳನ್ನೂ ಒಂದೊಂದಾಗಿ ಎತ್ತಬೇಕು. ಎಲ್ಲವೂ ನಿಂತರೆ ಉಪಕರಣಗಳನ್ನು ಒಂದೊಂದಾಗಿ ಜೋಡಿಸಬೇಕು. ಯಾವುದನ್ನು ಜೋಡಿಸಿದಾಗ ಬೀಳುವುದೋ ದೋಷ ಅಲ್ಲಿದೆ. ಉಪಕರಣವಿಲ್ಲದೆಯೇ ಬಿದ್ದರೆ ದೋಷ ವಯರಿಂಗಿನಲ್ಲಿರಬಹುದು. ಅದು ಎಲೆಕ್ಟ್ರಿಶಿಯನ್ನನ ಕೆಲಸ.

ದೊಡ್ಡ ಎಂಸಿಬಿ ಹಾಕುವುದು ಪರಿಹಾರವಲ್ಲ; ಅದು ಬೀಳುವ ಮೊದಲೇ ತಂತಿ ಕಾದು ಉರಿಯಬಹುದು. ಆರ್‌ಸಿಸಿಬಿಯನ್ನು ತಪ್ಪಿಸಿ ನೇರ ಜೋಡಿಸಿದರಂತೂ ಪಂಪನ್ನು ಮುಟ್ಟಿದವರ ಜೀವಕ್ಕೆ ಕಾವಲೇ ಉಳಿಯದು.