ಜೂಮ್ ಮಸೂರದಲ್ಲಿ ಬಿಂಬದ ಪಲ್ಲಟ

ಟೆಲಿಫೋಟೋ ಜೂಮ್ ಮಸೂರದ ಬಳೆಯನ್ನು ತಿರುಗಿಸುವಾಗ, ವ್ಯೂಫೈಂಡರಿನ ನಡುವೆ ನಿಲ್ಲಿಸಿದ ಗುರುತು ಪಕ್ಕಕ್ಕೆ ಸರಿಯುವುದುಂಟು. ಇದನ್ನು ಕಂಡೊಡನೆಯೇ ಮಸೂರವು ಕೆಟ್ಟಿತೆಂದು ತೀರ್ಮಾನಿಸುವುದು ಸಲ್ಲದು. ಪಲ್ಲಟಕ್ಕೆ ಕಾರಣಗಳು ಹಲವು, ಎಲ್ಲವೂ ದೋಷಗಳಲ್ಲ.

ಮೊದಲನೆಯದು ಬರಿಯ ರೇಖಾಗಣಿತ. ಜೂಮ್ ಮಾಡಿದಾಗ ಬಿಂಬವು ಮಸೂರದ ಅಕ್ಷವನ್ನು ಕೇಂದ್ರವಾಗಿ ಹೊಂದಿ ಹಿಗ್ಗುತ್ತದೆ. ಚೌಕಟ್ಟಿನ ನಡುವಿನ ಗುರುತು ಅಕ್ಷದಿಂದ 0.1 ಡಿಗ್ರಿಯಷ್ಟೇ ಓರೆಯಾಗಿದ್ದರೂ, 70 ಮಿ.ಮೀ. ಸಂಗಮದೂರದಲ್ಲಿ ಅದರ ಬಿಂಬವು ಅಕ್ಷದಿಂದ ಸುಮಾರು 0.12 ಮಿ.ಮೀ. ಆಚೆಗಿರುತ್ತದೆ, 300 ಮಿ.ಮೀ.ನಲ್ಲಿ ಈ ಅಂತರ 0.52 ಮಿ.ಮೀ. ಆಗುತ್ತದೆ.

ಎರಡನೆಯದು ಯಂತ್ರರಚನೆಗೆ ಸೇರಿದುದು. ಜೂಮ್ ಮಸೂರದೊಳಗೆ ಗಾಜಿನ ಗುಂಪುಗಳು ಹಿಂದುಮುಂದಾಗಿ ಜಾರುತ್ತವೆ. ಜಾರಲು ಕಿಂಚಿತ್ ಸಡಿಲವು ಅನಿವಾರ್ಯ. ಆ ಸಡಿಲದಲ್ಲಿ ಗುಂಪೊಂದು ವಾಲಿದರೆ ಬಿಂಬವೂ ಸರಿಯುತ್ತದೆ. ಬಳೆಯನ್ನು ಹಿಂದಕ್ಕೆ ತಿರುಗಿಸಿದೊಡನೆ ಬಿಂಬವು ಜಿಗಿದರೆ ಇದೇ ಕಾರಣವಿರಬಹುದು.

ಮೂರನೆಯದು ಇಂದಿನ ಅನೇಕ ಮಸೂರಗಳಲ್ಲಿರುವ ಕಂಪನನಿವಾರಕ. ಕೈನಡುಕವನ್ನು ಸರಿದೂಗಿಸಲು ಅದು ಗಾಜಿನ ಗುಂಪೊಂದನ್ನು ಅಡ್ಡಲಾಗಿ ಚಲಿಸುತ್ತದೆ. ಆದುದರಿಂದ ಪರೀಕ್ಷೆಗೆ ಮುನ್ನ ಕ್ಯಾಮೆರಾವನ್ನು ಟ್ರೈಪಾಡಿನ ಮೇಲೆ ಬಿಗಿದು, ಈ ಸಾಧನವನ್ನು ನಿಲ್ಲಿಸಬೇಕು.

35 ಮಿ.ಮೀ. ಸ್ಥಿರಚಿತ್ರ ಕ್ಯಾಮೆರಾಗಳಿಗೆ ಮೊದಲ ಜೂಮ್ ಮಸೂರವಾದ ಜೂಮಾರ್ 1959ರಲ್ಲಿ ಬಂದಿತು. ಚಲನಚಿತ್ರದಲ್ಲಿ ಅದಕ್ಕೂ ಮೊದಲೇ ಜೂಮ್ ಬಳಕೆಯಲ್ಲಿತ್ತು. ಅಲ್ಲಿ ಜೂಮ್ ಮಾಡುತ್ತಲೇ ಚಿತ್ರೀಕರಿಸುವುದರಿಂದ ಪಲ್ಲಟವು ತೆರೆಯ ಮೇಲೆ ಎದ್ದುಕಾಣುತ್ತದೆ. ಸ್ಥಿರಚಿತ್ರವಾದರೋ ಸಾಮಾನ್ಯವಾಗಿ ಒಂದೇ ಸಂಗಮದೂರದಲ್ಲಿ ಮೂಡುವಂಥದು. ಚೌಕಟ್ಟನ್ನು ಮತ್ತೆ ಹೊಂದಿಸಿಕೊಂಡರೆ ಸಾಕು.

ಮಸೂರದ ನಿಜವಾದ ಪರೀಕ್ಷೆಯು ಚಿತ್ರದ ನಾಲ್ಕು ಮೂಲೆಗಳಲ್ಲಿದೆ. ಸಮತಟ್ಟಾದ ಗೋಡೆಯನ್ನು ನೇರವಾಗಿ ಚಿತ್ರಿಸಿದಾಗ ನಾಲ್ಕೂ ಸಮನಾಗಿ ಸ್ಪಷ್ಟವಿದ್ದರೆ ಚಿಂತೆಯಿಲ್ಲ. ಒಂದು ಪಾರ್ಶ್ವ ಮಾತ್ರ ಪದೇ ಪದೇ ಮಸುಕಾದರೆ, ಆಗ ಮಸೂರವನ್ನು ದುರಸ್ತಿಗೆ ಒಪ್ಪಿಸುವುದು ಯುಕ್ತ.