ಒಂದು ಷೇರೋ, ಮೂವತ್ತು ಕಂಪನಿಯೋ?

ಎರಡು ವರ್ಷದ ನ್ಯಾಷನಲ್ ಸರ್ವಿಸ್ ಮುಗಿಸಿದ ಮಗ ಮೊನ್ನೆ ಊಟಕ್ಕೆ ಕೂತಾಗ ಕೇಳಿದ, "ಅಪ್ಪಾ, ಉಳಿಸಿದ ಭತ್ಯೆಯನ್ನೆಲ್ಲ ಸೆಂಬ್‌ಕಾರ್ಪ್ ಷೇರಿಗೆ ಹಾಕಲಾ?" ಅದರಲ್ಲಿ ಯೂನಿವರ್ಸಿಟಿಯ ಮೊದಲ ವರ್ಷದ ಫೀಸೂ ಇತ್ತು. ಸಾರು ಆರಿದರೂ ಮಾತು ಮುಗಿಯಲಿಲ್ಲ.

ಅವನ ಮಾತಿನಲ್ಲಿ ಹುರುಳಿತ್ತು. ವಿದ್ಯುತ್ ಉತ್ಪಾದಿಸುವ ಸೆಂಬ್‌ಕಾರ್ಪ್ ಇಂಡಸ್ಟ್ರೀಸ್, 2020ರಲ್ಲಿ ತನ್ನ ಹಡಗುಕಟ್ಟೆ ವ್ಯವಹಾರವನ್ನು ಬೇರೆ ಮಾಡಿತು. ಆಮೇಲೆ ಮೂರು ವರ್ಷದೊಳಗೆ ಷೇರಿನ ಬೆಲೆ ಮೂರು ಪಟ್ಟು ದಾಟಿತ್ತು.

ನಾನು ಹೈಫ್ಲಕ್ಸ್ ಕಥೆ ಹೇಳಿದೆ. ಅದು ನೀರಿನ ಕಂಪನಿ. ಟುವಾಸ್‌ನಲ್ಲಿ ಸಮುದ್ರದ ನೀರನ್ನು ಸಿಹಿನೀರು ಮಾಡುವ ಘಟಕದ ಪಕ್ಕದಲ್ಲೇ ವಿದ್ಯುತ್ ಸ್ಥಾವರವನ್ನೂ ಕಟ್ಟಿತು. ಮಿಕ್ಕ ವಿದ್ಯುತ್ ಮಾರಿ ಲಾಭ ಮಾಡುವ ಲೆಕ್ಕಾಚಾರ. ಆದರೆ ಸಗಟು ವಿದ್ಯುತ್ ದರ ಕುಸಿಯಿತು. 2018ರ ಮೇ ತಿಂಗಳಲ್ಲಿ ಕಂಪನಿ ಕೋರ್ಟಿನ ರಕ್ಷಣೆ ಕೋರಿತು; 2021ರಲ್ಲಿ ಮುಚ್ಚುವ ಆದೇಶ ಬಂತು. ಅದರ ಪ್ರಿಫರೆನ್ಸ್ ಷೇರು ಮತ್ತು ಪರ್ಪೆಚುವಲ್ ಪತ್ರಗಳಲ್ಲಿ ಸುಮಾರು 34,000 ಸಾಮಾನ್ಯ ಹೂಡಿಕೆದಾರರ 90 ಕೋಟಿ ಡಾಲರ್ ಸಿಕ್ಕಿಹಾಕಿಕೊಂಡಿತ್ತು.

"ಹಾಗಾದರೆ ಎಸ್‌ಟಿಐ ಫಂಡ್?" ಎಂದ. ಸ್ಟ್ರೈಟ್ಸ್ ಟೈಮ್ಸ್ ಸೂಚ್ಯಂಕದ 30 ಕಂಪನಿಗಳನ್ನು ಒಟ್ಟಿಗೆ ಕೊಳ್ಳುವ ಇಂಥ ಫಂಡು ಇಲ್ಲಿ 2002ರಿಂದ ಇದೆ. ನನಗೆ ನಮ್ಮೂರಿನ ಅಕ್ಕಡಿ ಸಾಲು ನೆನಪಾಯಿತು. ತಾತ ರಾಗಿ ಹೊಲದಲ್ಲಿ ಅವರೆ, ತೊಗರಿ, ಹುಚ್ಚೆಳ್ಳನ್ನೂ ಬಿತ್ತುತ್ತಿದ್ದರು. ಒಂದು ಕೈಕೊಟ್ಟರೆ ಇನ್ನೊಂದು ಕೈಗೆ ಬರುತ್ತಿತ್ತು.

ಆದರೆ ಹೊಲ ಒಂದೇ ಅಲ್ಲವೇ? ಮಳೆ ಬಾರದಿದ್ದರೆ ಎಲ್ಲ ಬೆಳೆಯೂ ಬಾಡುತ್ತದೆ. ಈ ಸೂಚ್ಯಂಕದ ಸುಮಾರು ಅರ್ಧ ತೂಕ ಡಿಬಿಎಸ್, ಒಸಿಬಿಸಿ, ಯುಒಬಿ ಎಂಬ ಮೂರೇ ಬ್ಯಾಂಕುಗಳದು. 2007ರಲ್ಲಿ ಮುಟ್ಟಿದ ಎತ್ತರವನ್ನು ಅದು ಮತ್ತೆ ದಾಟಿದ್ದು 2025ರಲ್ಲಿ! ನಡುವೆ ಡಿವಿಡೆಂಡ್ ಬಂತು, ನಿಜ. ಮೇಲಾಗಿ ನಮ್ಮ ಸಂಬಳ, ಸಿಪಿಎಫ್, ಮನೆ ಎಲ್ಲವೂ ಇದೇ ಹೊಲದಲ್ಲಿವೆ.

ಕೊನೆಗೆ ಒಪ್ಪಂದಕ್ಕೆ ಬಂದೆವು. ಫೀಸಿನ ದುಡ್ಡು ಬ್ಯಾಂಕಿನ ಫಿಕ್ಸೆಡ್ ಡಿಪಾಸಿಟ್‌ಗೆ. ಮಿಕ್ಕದ್ದರಲ್ಲಿ ಒಂದಿಷ್ಟು ತಿಂಗಳು ತಿಂಗಳು ಎಸ್‌ಟಿಐ ಫಂಡಿಗೆ, ಒಂದಿಷ್ಟು ಹಲವು ದೇಶಗಳ ಫಂಡಿಗೆ. ಪೂರ್ತಿ ಹೋದರೂ ನಿದ್ದೆ ಕೆಡದಷ್ಟು ಮಾತ್ರ ಅವನ ಮೆಚ್ಚಿನ ಷೇರಿಗೆ.

"ಆ ಮೂವತ್ತರಲ್ಲಿ ಸೆಂಬ್‌ಕಾರ್ಪ್ ಕೂಡ ಇದೆ ಕಣೋ" ಎಂದೆ. ಮಗ ನಕ್ಕ. "ಇಬ್ಬರೂ ಎದ್ದು ಸಾರು ಬಿಸಿ ಮಾಡಿಕೊಳ್ಳಿ" ಎಂದಳು ನನ್ನಾಕೆ.

ನಿಮ್ಮ ಮನೆಯಲ್ಲೂ ಈ ಚರ್ಚೆ ನಡೆದಿದೆಯೇ?