ಚಳಿಗಾಲದ ರಜೆ, ಬತ್ತಲೆ ಮತ್ತು ನಮ್ಮ ಗೊಮ್ಮಟ

ಕ್ರಿಸ್‌ಮಸ್ ರಜೆ ಸಮೀಪಿಸಿತೆಂದರೆ ಠಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಗಳ ಕನ್ನಡ ಮನೆಗಳಲ್ಲಿ ಊರಿಗೆ ಹೊರಡುವ ಸಂಭ್ರಮ. ಕರಾವಳಿಯವರು ಠಾಣೆ ಇಲ್ಲವೇ ಪನ್ವೇಲಿನಲ್ಲಿ ಮತ್ಸ್ಯಗಂಧ ರೈಲನ್ನೇರಿದರೆ, ಕಲಬುರಗಿ, ರಾಯಚೂರು ಕಡೆಯವರು ಕಲ್ಯಾಣದಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ ಹಿಡಿಯುತ್ತಾರೆ. ಊರು ತಲುಪಿದ ಮೇಲೆ ಕಾರ್ಕಳ, ವೇಣೂರು, ಧರ್ಮಸ್ಥಳ ಅಥವಾ ಶ್ರವಣಬೆಳಗೊಳಕ್ಕೊಂದು ಯಾತ್ರೆ ಇದ್ದೇ ಇರುತ್ತದೆ. ಅಲ್ಲಿ ಗೊಮ್ಮಟನ ಪಾದದ ಬಳಿ ನಿಂತು, ಮಹಾನಗರದಲ್ಲಿ ಬೆಳೆದ ನಮ್ಮ ಮಕ್ಕಳು ಕೇಳುವ ಪ್ರಶ್ನೆ ಒಂದೇ: ಇವನಿಗೆ ಬಟ್ಟೆ ಏಕಿಲ್ಲ? ಹಿರಿಯರಾದ ನಾವು ಬಹುತೇಕ “ಸುಮ್ಮನೆ ಕೈ ಮುಗಿ” ಎಂದು ಗದರಿಸಿ ಮುಂದೆ ಸಾಗುತ್ತೇವೆ. ಜಗತ್ತಿನ ಎಲ್ಲ ಬಗೆಯ ಬತ್ತಲೆಯೂ ಮಕ್ಕಳ ಕೈಯಲ್ಲಿರುವ ಮೊಬೈಲಿಗೆ ಬಂದು ಬೀಳುವ ಈ ಕಾಲದಲ್ಲಿ ಗದರಿಕೆ ಉತ್ತರವಾಗಲಾರದು.

ಫ್ರಾನ್ಸ್ ದೇಶದಲ್ಲಿ ನ್ಯಾಚುರಿಸ್ಟರೆಂಬ ಸಮುದಾಯವೊಂದಿದೆ. ಬಿಸಿಲು, ಗಾಳಿ, ನೀರುಗಳಿಗೆ ಮೈಯೊಡ್ಡಿ ವಿವಸ್ತ್ರರಾಗಿ ರಜೆ ಕಳೆಯುವವರು ಇವರು. 1931ರಲ್ಲಿ ದ್ಯುರ್ವಿಲ್ ಎಂಬ ವೈದ್ಯ ಸಹೋದರರು ಲೆವಾಂ ದ್ವೀಪದಲ್ಲಿ ಹೆಲಿಯೊಪೊಲಿಸ್ ಎಂಬ ನೆಲೆಯನ್ನು ಸ್ಥಾಪಿಸಿದರು. 1950ರಲ್ಲಿ ಲಕಾಕ್ ದಂಪತಿಗಳು ಅಟ್ಲಾಂಟಿಕ್ ತೀರದ ಮೊಂತಾಲಿವೆಯಲ್ಲಿ ಕುಟುಂಬಗಳಿಗಾಗಿ ಶಿಬಿರವೊಂದನ್ನು ಕಟ್ಟಿದರು. ಸಂಸಾರ ಸಮೇತ ಬರುವವರೇ ಹೆಚ್ಚಾದ ಇಂಥ ಕಡೆ ಇತರರನ್ನು ದಿಟ್ಟಿಸುವುದು, ಅನುಮತಿಯಿಲ್ಲದೆ ಛಾಯಾಚಿತ್ರ ತೆಗೆಯುವುದು ಅಸಭ್ಯತೆ ಎನಿಸುತ್ತದೆ.

ಆದರೆ ಚಳಿಗಾಲದಲ್ಲಿ ಅವರು ಏನು ಮಾಡುತ್ತಾರೆ? ಪ್ಯಾರಿಸಿನ ವ್ಯಾನ್ಸೆನ್ ಉದ್ಯಾನವನದಲ್ಲಿ 2017ರಲ್ಲಿ ಅವರಿಗಾಗಿ ಮೀಸಲಿಟ್ಟ ಜಾಗ ಬೆಚ್ಚನೆಯ ತಿಂಗಳುಗಳಿಗೆ ಮಾತ್ರ. ಚಳಿ ಬಿದ್ದ ಮೇಲೆ ಬಿಸಿನೀರಿನ ಒಳಾಂಗಣ ಈಜುಕೊಳಗಳೇ ಗತಿ. ಅದೇ ವರ್ಷದ ನವೆಂಬರಿನಲ್ಲಿ ಅದೇ ನಗರದಲ್ಲಿ ಓ ನಾಚುರೆಲ್ ಎಂಬ ಭೋಜನಾಲಯವೂ ತೆರೆಯಿತು. ಗಿರಾಕಿಗಳು ಬಾಗಿಲಲ್ಲೇ ಉಡುಪು ಕಳಚಿಟ್ಟು ಒಳಗೆ ಊಟಕ್ಕೆ ಕೂರುತ್ತಿದ್ದರು. ಸಾಕಷ್ಟು ಜನ ಬಾರದೆ 2019ರ ಫೆಬ್ರವರಿಯಲ್ಲಿ ಅದು ಮುಚ್ಚಿತು. (ಬಾಡಿಗೆಯ ಲೆಕ್ಕ ತತ್ತ್ವವನ್ನು ಕೇಳುವುದಿಲ್ಲವೆಂಬುದು ಬ್ಯಾಂಕಿನಲ್ಲಿ ದುಡಿಯುವ ನಮಗೆ ಹೊಸತಲ್ಲ.)

ಅವರ ಬತ್ತಲೆ ದೇಹಕ್ಕೆ ಸುಖ ಕೊಡುವ ಬತ್ತಲೆ. ಆದ್ದರಿಂದ ಚಳಿಗೆ ಕೋಣೆಯನ್ನು ಕಾಯಿಸಬೇಕಾಗುತ್ತದೆ. ನಮ್ಮ ದಿಗಂಬರ ಮುನಿಗಳ ದಾರಿ ಇದಕ್ಕೆ ತೀರ ವಿರುದ್ಧವಾದುದು. ಅವರು ಪಾಲಿಸಬೇಕಾದ ಇಪ್ಪತ್ತೆಂಟು ಮೂಲಗುಣಗಳಲ್ಲಿ ವಸ್ತ್ರತ್ಯಾಗವೂ ಒಂದು. ಸ್ನಾನವಿಲ್ಲ, ದಿನಕ್ಕೊಮ್ಮೆ ನಿಂತು ಅಂಗೈಯಲ್ಲಿ ಆಹಾರ, ಕೈಯಲ್ಲಿ ನವಿಲುಗರಿಯ ಪಿಂಛಿ ಮತ್ತು ಕಮಂಡಲು. ಸಹಿಸಬೇಕಾದ ಇಪ್ಪತ್ತೆರಡು ಪರೀಷಹಗಳಲ್ಲಿ ಶೀತವೂ ಸೇರಿದೆ. ಮಳೆಗಾಲದ ಚಾತುರ್ಮಾಸ ಮುಗಿಸಿ ಅವರು ವಿಹಾರ ಹೊರಡುವುದು ಚಳಿಯ ದಿನಗಳಲ್ಲೇ.

ಗೊಮ್ಮಟನ ಕಥೆಯೂ ಇದೇ. ಅಣ್ಣ ಭರತನನ್ನು ಗೆದ್ದ ಬಾಹುಬಲಿ, ಗೆದ್ದ ರಾಜ್ಯವನ್ನು ಅಲ್ಲೇ ಬಿಟ್ಟು ಒಂದು ವರ್ಷ ಕದಲದೆ ನಿಂತ. ಕಾಲಬಳಿ ಹುತ್ತ ಬೆಳೆಯಿತು, ಬಳ್ಳಿ ಹಬ್ಬಿತು. ಗಂಗರ ಮಂತ್ರಿ ಚಾವುಂಡರಾಯ ಕ್ರಿ.ಶ. 981ರ ಸುಮಾರಿಗೆ ಮಾಡಿಸಿದ ಆ ಮೂರ್ತಿಯನ್ನು ಮುಂದಿನ ಸಲ ಗಮನಿಸಿ ನೋಡಬೇಕು: ಬಳ್ಳಿ ತೊಡೆಯನ್ನೂ ತೋಳನ್ನೂ ಸುತ್ತಿದೆ, ಮರೆಮಾಚಬೇಕಾದುದೆಂದು ಲೋಕ ತಿಳಿದ ಜಾಗಕ್ಕೆ ಬಂದಿಲ್ಲ. ಶಿಲ್ಪಿಗೆ ಒಂದು ಎಲೆ ಕೆತ್ತುವುದೇನೂ ಕಷ್ಟವಿರಲಿಲ್ಲ. ಬಿಡಬೇಕಾದುದರಲ್ಲಿ ಕೊನೆಯದು ನಾಚಿಕೆ ಎಂದು ಮಕ್ಕಳಿಗೆ ಹೇಳಲು ನಾವೇಕೆ ನಾಚಬೇಕು? ಹನ್ನೆರಡನೆಯ ಶತಮಾನದ ಅಕ್ಕಮಹಾದೇವಿ ಕೇಶವನ್ನೇ ಉಡುಗೆಯಾಗಿಸಿಕೊಂಡು ನಡೆದದ್ದೂ ಇದೇ ನಾಡಿನಲ್ಲಿ.

ಎಲ್ಲ ಬತ್ತಲೆಯೂ ಪೂಜ್ಯವೆಂದು ಮಾತ್ರ ಯಾರೂ ಭಾವಿಸಬಾರದು. ಸೊರಬ ತಾಲೂಕಿನ ಚಂದ್ರಗುತ್ತಿಯಲ್ಲಿ ರೇಣುಕಾಂಬೆಯ ಹರಕೆಯೆಂದು ಬಡವರು, ಅದರಲ್ಲೂ ಹೆಣ್ಣುಮಕ್ಕಳು, ಬೆತ್ತಲೆ ಸೇವೆ ಸಲ್ಲಿಸುತ್ತಿದ್ದರು. 1986ರ ಮಾರ್ಚಿನಲ್ಲಿ ಅದನ್ನು ತಡೆಯಹೋದ ಕಾರ್ಯಕರ್ತರ ಮೇಲೂ ಪೊಲೀಸರ ಮೇಲೂ ಗುಂಪು ಹಲ್ಲೆ ನಡೆಸಿತು. ಆ ಬಳಿಕ ಸರಕಾರ ಸೇವೆಯನ್ನು ನಿಷೇಧಿಸಿತು. ಮುನಿ ಅರಿತು ಬಿಟ್ಟದ್ದು, ಫ್ರೆಂಚ್ ಪ್ರವಾಸಿ ಇಷ್ಟಪಟ್ಟು ಕಳಚಿದ್ದು. ಚಂದ್ರಗುತ್ತಿಯಲ್ಲಿ ಕಳಚಿಸಿದ್ದು ಭಯ ಮತ್ತು ಬಡತನ. ಈ ಅಂತರವನ್ನು ಹತ್ತು ವರ್ಷದ ಮಗುವೂ ಅರ್ಥಮಾಡಿಕೊಳ್ಳಬಲ್ಲದು.

ಮಸ್ತಕಾಭಿಷೇಕಗಳೂ ಇತ್ತೀಚೆಗೆ ಹೆಚ್ಚಾಗಿ ಚಳಿಗಾಲದಲ್ಲೇ ಜರುಗಿವೆ: ಶ್ರವಣಬೆಳಗೊಳದಲ್ಲಿ 1993ರ ಡಿಸೆಂಬರ್, 2006 ಮತ್ತು 2018ರ ಫೆಬ್ರವರಿ, ಕಾರ್ಕಳದಲ್ಲಿ 2015ರ ಜನವರಿ, ಧರ್ಮಸ್ಥಳದಲ್ಲಿ 2019ರ ಫೆಬ್ರವರಿ, ವೇಣೂರಿನಲ್ಲಿ 2024ರ ಫೆಬ್ರವರಿಯ ಕೊನೆ. ಹನ್ನೆರಡು ವರ್ಷಗಳ ಲೆಕ್ಕ ಹಿಡಿದರೆ ಕಾರ್ಕಳದ ಸರದಿ 2027ರ ಸುಮಾರಿಗೆ, ಬೆಳಗೊಳದ್ದು 2030ಕ್ಕೆ. ದಿನಾಂಕ ಪ್ರಕಟವಾದೊಡನೆ ಮತ್ಸ್ಯಗಂಧದ ಟಿಕೇಟು ಕಾದಿರಿಸುವುದು ಒಳಿತು.